ಡಿಕ್ಕಿಯಲ್ಲಿ ಸಿಕ್ಕ ಟ್ಯೂಬು

ನಮ್ಮ ಮನೆಯವರ ಸ್ಕೂಟರ್ ಡಿಕ್ಕಿಯಲ್ಲಿ ರೇನ್‌ಕೋಟ್ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಒಂದು ಟ್ಯೂಬು. ಅರ್ಧ ಖಾಲಿ. ಗಾಡಿ ಒರೆಸುವ ಬಟ್ಟೆಯಲ್ಲಿ ಸುತ್ತಿ, ಕಾಗದಪತ್ರದ ಕವರಿನ ಕೆಳಗೆ ಇಟ್ಟಿದ್ದರು. ಚರ್ಮಕ್ಕೆ ಹಚ್ಚುವ ಮುಲಾಮು ಅನ್ನುವಷ್ಟು ಗೊತ್ತಾಯಿತು.

ಅದು 2022ರ ಸೆಪ್ಟೆಂಬರ್. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ಹಚ್ಚುವ ಮುಲಾಮನ್ನು ಯಾರಾದರೂ ಮನೆಯ ಕಪಾಟಿನಲ್ಲಿ ಇಡುತ್ತಾರೆ, ಡಿಕ್ಕಿಯಲ್ಲಿ ಯಾಕೆ ಬಚ್ಚಿಡುತ್ತಾರೆ? ಜೂನ್‌ನಿಂದ ನನಗೆ ಕೆಳಗೆ ಕಡಿತ, ಉರಿ. ಎರಡು ಸಲ ಔಷಧ ಮಾಡಿದರೂ ಮತ್ತೆ ಮತ್ತೆ ಬರುತ್ತಿತ್ತು. ನನ್ನ ಕಡಿತಕ್ಕೂ ಈ ಟ್ಯೂಬಿಗೂ ಏನೋ ಸಂಬಂಧ ಇದೆ ಅಂತ ಆ ಕ್ಷಣಕ್ಕೇ ಅನ್ನಿಸಿತು. ಸಂಬಂಧ ಇದ್ದದ್ದು ನಿಜ. ನಾನು ಅಂದುಕೊಂಡಿದ್ದು ಮಾತ್ರ ಬೇರೆ.

ನನಗೆ ಆಗ 43 ವರ್ಷ. ಒಂದು ಸಹಕಾರಿ ಸಂಘದಲ್ಲಿ ಕ್ಯಾಶಿಯರ್. ನಮ್ಮ ಮನೆಯವರು ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಮೆಣಸಿನಕಾಯಿ ಸೀಸನ್ನಿನಲ್ಲಿ ವಾರಕ್ಕೆ ಎರಡು ಸಲವಾದರೂ ಬ್ಯಾಡಗಿಗೆ ಹೋಗಬೇಕು, ಕೆಲವೊಮ್ಮೆ ಅಲ್ಲೇ ವಸ್ತಿ. ಮಗಳು ಪಿಯುಸಿ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ವಸ್ತಿಯ ಬಗ್ಗೆ ನಾನು ಎಂದೂ ಪ್ರಶ್ನೆ ಕೇಳಿದವಳಲ್ಲ. ಆ ಟ್ಯೂಬು ಸಿಕ್ಕಿದ ದಿನದಿಂದ ಮನಸ್ಸು ಬ್ಯಾಡಗಿ ಬಸ್ಸು ಹತ್ತಿತು.

ಮೊದಲಿನಿಂದ ಹೇಳುತ್ತೇನೆ. ಜೂನ್‌ನಲ್ಲಿ ಶುರುವಾದಾಗ ಬಿಳಿ ಹೋಗುತ್ತಿತ್ತು. ನೀರಿನ ಹಾಗಲ್ಲ, ಹಾಲು ಒಡೆದಾಗ ಕಾಣುವಂಥ ಗಟ್ಟಿಗಟ್ಟಿ ಬಿಳಿ. ವಾಸನೆ ಇರಲಿಲ್ಲ. ಉಚ್ಚೆ ತಾಕಿದರೆ ಉರಿ. ರೆಕ್ಸಿನ್ ಕುರ್ಚಿಯ ಮೇಲೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಕೂತು ನೋಟು ಎಣಿಸಬೇಕು, ನಡುವೆ ಎದ್ದು ಹೋಗುವ ಹಾಗಿಲ್ಲ. ಯೋನಿ ಅನ್ನುವ ಪದವನ್ನು ಇಲ್ಲಿ ಬರೆಯೋಕೇ ನನಗೆ ಎರಡು ದಿನ ಹಿಡಿಯಿತು. ಆಗ ಬಾಯಿಬಿಟ್ಟು ಹೇಳುವುದು ಎಲ್ಲಿಂದ ಬಂತು?

ಪಕ್ಕದ ಮನೆಯ ಅಕ್ಕನಿಗೆ ಮಾತ್ರ ಅರ್ಧಂಬರ್ಧ ಹೇಳಿದೆ. "ಉಷ್ಣ ಆಗೇತಿ ತಗೋ, ಕಾಮಕಸ್ತೂರಿ ಬೀಜ ನೆನಿ ಇಟ್ಟು ಕುಡಿ" ಅಂದರು. ಕುಡಿದೆ. ಜೀರಿಗೆ ನೀರು, ಮಜ್ಜಿಗೆ ಎಲ್ಲ ಆಯಿತು. ಹೊಟ್ಟೆ ತಣ್ಣಗಾಯಿತು, ಅಷ್ಟೇ.

ಆಮೇಲೆ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದೆ. ನೋಡಿದ ಕೂಡಲೇ "ಫಂಗಸ್" ಅಂದರು. ರಾತ್ರಿ ಮಲಗುವಾಗ ಒಳಗೆ ಇಟ್ಟುಕೊಳ್ಳುವ ಕ್ಲೋಟ್ರಿಮಜೋಲ್ ಗುಳಿಗೆ, ಆರು ದಿನಕ್ಕೆ. ನಾಲ್ಕನೇ ದಿನಕ್ಕೇ ಆರಾಮ. ಇಷ್ಟು ಸುಲಭ ಇತ್ತಾ ಅಂತ ನಕ್ಕೆ. ಆಗಸ್ಟ್‌ನಲ್ಲಿ ಮತ್ತೆ ಬಂತು. ಈ ಸಲ ನುಂಗುವ ಗುಳಿಗೆ, ಫ್ಲುಕೊನಜೋಲ್ 150, ಒಂದೇ ಒಂದು. ಮೂರು ವಾರ ಸುಮ್ಮನಿದ್ದು ಮತ್ತೆ ಎದ್ದಿತು. ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ಬಿಸಿನೀರಿಗೆ ಡೆಟಾಲ್ ಹಾಕಿ ದಿನಾ ಎರಡು ಸಲ ತೊಳೆಯಲು ಶುರು ಮಾಡಿದೆ. ಹೊಲಸು ಸೇರಿದೆ, ತೊಳೆದರೆ ಹೋಗುತ್ತದೆ ಅನ್ನುವ ಲೆಕ್ಕ. ಉರಿ ದುಪ್ಪಟ್ಟಾಯಿತು.

ಟ್ಯೂಬು ಸಿಕ್ಕಿದ್ದು ಈ ಹೊತ್ತಿಗೆ. ಎರಡು ದಿನ ಕೇಳಲಿಲ್ಲ. ಮೂರನೇ ದಿನ ಮಗಳು ಟ್ಯೂಷನ್‌ಗೆ ಹೋದ ಮೇಲೆ ಊಟದ ತಟ್ಟೆ ಪಕ್ಕ ಆ ಟ್ಯೂಬು ಇಟ್ಟೆ.

ಅವರು ತುತ್ತು ಹಿಡಿದುಕೊಂಡೇ ಅಂದರು, "ಬೆವರಿಗೆ ಕಡೀತಿತ್ತು. ಮೆಡಿಕಲ್ ಅಂಗಡ್ಯಾಗ ಕೊಟ್ರು."

"ಎಲ್ಲಿ ಕಡೀತಿತ್ತು?"

ಮಾತಿಲ್ಲ. ಆಮೇಲೆ, "ಮೆಣಸಿನಕಾಯಿ ಮುಟ್ಟಿದ ಕೈರಿ. ಹಂಗ ಬಚ್ಚಲಕ್ಕ ಹೋಗಿದ್ದೆ. ಉರಿ ಹತ್ತೇತಿ."

ನಮ್ಮ ಮನೆಯವರು ನನಗೆ 'ರೀ' ಹಚ್ಚಿ ಮಾತಾಡಿದರು ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ. ಖಾರ ಕಡಿಮೆ. ಪಾಪ, ಅದರ ಮೇಲೆ ಸುಮ್ನೆ ಅಪವಾದ. ನಾನು ನಂಬಲಿಲ್ಲ. ಏನೇನೋ ಅಂದೆ. ಅವರೂ ಬಿಡಲಿಲ್ಲ: "ನಿನಗ ಜೂನ್‌ದಾಗ ಬಂದಿತ್ತಂತಲ್ಲ, ನನಗ ಯಾಕ ಹೇಳಲಿಲ್ಲ? ನಿನ್ನಿಂದನ ನನಗ ಬಂದಿರಬೇಕು." ಈ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು, ಗೋಡೆಯಾಚೆ ಅದೇ ಅಕ್ಕನ ಅಡುಗೆಮನೆ. ಪಿಸುಮಾತಿನಲ್ಲಿ ಜಗಳ ಆಡಿದರೆ ಅಳು ಜಾಸ್ತಿ ಬರುತ್ತದೆ.

ಅಂದಿನಿಂದ ಸೊಂಟ ನೋವು ಅಂತ ಹೇಳಿ ನಾನು ಕೆಳಗೆ ಗಾದಿ ಹಾಸಿಕೊಂಡೆ. ಮಗಳು ನಂಬಿದಳೋ ಇಲ್ಲವೋ, ಒಂದು ನೋವಿನ ಎಣ್ಣೆ ತಂದುಕೊಟ್ಟಳು.

ಅಕ್ಟೋಬರ್‌ನಲ್ಲಿ ರಜೆ ಹಾಕಿ ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಧಾರವಾಡದಲ್ಲಿ ಇಂಥ ಕೆಲಸಕ್ಕೆ ಯಾವ ಆಸ್ಪತ್ರೆಗೆ ಹೋದರೂ ಪರಿಚಯದವರು ಒಬ್ಬರು ಬೆಂಚಿನ ಮೇಲೆ ಕೂತೇ ಇರುತ್ತಾರೆ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿದೆ. ನವನಗರ ದಾಟಿ ಉಣಕಲ್ ಕೆರೆ ಬರೋ ತನಕ ಇಳಿದು ವಾಪಸ್ ಹೋಗಿಬಿಡಲಾ ಅಂತಲೇ ಯೋಚನೆ. ಹೆಚ್‌ಐವಿ ಅನ್ನುವ ಪದ ತಲೆಯಲ್ಲಿ ಕೂತುಬಿಟ್ಟಿತ್ತು. 1097 ಸಹಾಯವಾಣಿಗೆ ಎರಡು ಸಲ ಫೋನ್ ಹಚ್ಚಿ, ಮಾತಾಡದೆ ಇಟ್ಟಿದ್ದೆ. ಮೂರನೇ ಸಲ ಮಾತಾಡಿದಾಗ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ತೊಂದರೆ ನೋಡುವ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ದುಡ್ಡಿಲ್ಲ, ಗುಟ್ಟು ಕಾಯುತ್ತಾರೆ ಅಂತ ಹೇಳಿದ್ದರು.

ಅಲ್ಲಿ ಇದ್ದ ಆಪ್ತ ಸಮಾಲೋಚಕಿ ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಗಿಲು ಹಾಕಿ, ಪೆನ್ನು ಕೆಳಗಿಟ್ಟು ಕೇಳಿದಳು. ಯಾವ ಬಣ್ಣ, ಎಂಥ ವಾಸನೆ, ಗಂಡನ ಜೊತೆ ಸೇರಿದಾಗ ನೋವಿದೆಯಾ, ಅವರಿಗೆ ಏನಾದರೂ ಇದೆಯಾ. ಇದನ್ನೆಲ್ಲ ತರಕಾರಿ ರೇಟು ಕೇಳಿದ ಹಾಗೆ ಕೇಳಿದಳು. ನನಗೆ ಅರ್ಧ ಭಯ ಅಲ್ಲೇ ಇಳಿಯಿತು. ಹೆಚ್‌ಐವಿ ಮತ್ತು ಸಿಫಿಲಿಸ್‌ಗೆ ರಕ್ತ ತೆಗೆದರು. ಎರಡೂ ಇಲ್ಲ ಅಂತ ಬಂತು. ಆ ಚೀಟಿ ಕೈಯಲ್ಲಿ ಹಿಡಿದು ಆಸ್ಪತ್ರೆಯ ಮರದ ಕೆಳಗೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಅಲ್ಲಿ ಔಷಧಗಳು ಬಣ್ಣಬಣ್ಣದ ಪೊಟ್ಟಣದಲ್ಲಿ ಬರುತ್ತವೆ. ಯಾವ ತೊಂದರೆಗೆ ಯಾವ ಬಣ್ಣ ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ನನಗೆ ಸಿಕ್ಕಿದ್ದು ಹಸಿರು. ಅದರಲ್ಲಿ ಎರಡು ಬಗೆಯ ಗುಳಿಗೆ. ಒಂದು ಫಂಗಸ್‌ಗೆ, ಇನ್ನೊಂದು ಬೇರೆ ರೋಗಾಣುಗಳಿಗೆ. "ನಿಮ್ಮ ಮನಿಯವ್ರನ್ನೂ ಕರ್ಕೊಂಡು ಬರ್ರಿ ಅಕ್ಕಾರ. ಅವ್ರನ್ನ ನೋಡದ ಗುಳಿಗಿ ಕೊಟ್ಟು ಕಳಿಸೂದು ಸರಿ ಅಲ್ಲ" ಅಂದಳು.

ನಮ್ಮ ಮನೆಯವರು ಬರಲಿಲ್ಲ. "ಅಲ್ಲಿ ಯಾರರ ನೋಡಿದ್ರ ಏನಂದಾರು? ನನಗೀಗ ಆರಾಮ ಐತಿ" ಅಂದರು. ಆರಾಮ ಇರಲಿಲ್ಲ. ಡಿಕ್ಕಿಯಲ್ಲಿ ಹೊಸ ಟ್ಯೂಬು ಬಂದಿತ್ತು. ನಾನೂ ಒತ್ತಾಯ ಮಾಡಲಿಲ್ಲ. ನನಗೆ ಹೆಚ್‌ಐವಿ ಇಲ್ಲ ಅನ್ನುವುದೇ ಆಗ ದೊಡ್ಡ ವಿಷಯ. ತಪ್ಪು ಇಬ್ಬರದೂ ಇತ್ತು ಬಿಡಿ.

ಡಿಸೆಂಬರ್‌ನಲ್ಲಿ ಒಂದು ಸಲ, 2023ರ ಫೆಬ್ರವರಿಯಲ್ಲಿ ಇನ್ನೊಂದು ಸಲ ಬಂತು. ಐದನೆಯದು. ವರ್ಷದಲ್ಲಿ ಮೂರು ನಾಲ್ಕು ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ಮರುಕಳಿಸುವ ಸೋಂಕು ಅಂತ ಬೇರೆಯೇ ಲೆಕ್ಕ ಹಿಡಿಯಬೇಕಂತೆ. ಇದನ್ನು ನನಗೆ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಹೇಳುವ ಅವಕಾಶವೂ ಅವರಿಗೆ ಇರಲಿಲ್ಲ ಅನ್ನಿ. ನಾನು ಪ್ರತಿ ಸಲ ಬೇರೆ ಡಾಕ್ಟರ್ ಹತ್ತಿರ, ಹಳೆ ಚೀಟಿ ಮನೆಯಲ್ಲೇ ಬಿಟ್ಟು, ಇದೇ ಮೊದಲ ಸಲ ಅನ್ನೋ ಹಾಗೆ ಹೋಗುತ್ತಿದ್ದೆ. ಮತ್ತೆ ಬಂತು ಅಂದರೆ ನನ್ನ ಬಗ್ಗೆ ಏನು ತಿಳಿಯುತ್ತಾರೋ ಅಂತ ನಾಚಿಕೆ. ಒಬ್ಬರು ನನ್ನ ಶುಗರ್ ಟೆಸ್ಟ್ ಮಾಡಿಸಿದ್ದರು. ನಾರ್ಮಲ್. ಅಲ್ಲಿಗೆ ಸಕ್ಕರೆಯ ಮಾತು ಮುಗಿಯಿತು ಅಂದುಕೊಂಡಿದ್ದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ನನಗಲ್ಲ, ಅವರಿಗೆ. ಅದನ್ನು ಯಾರೂ ಕೇಳಲಿಲ್ಲ. ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಗಂಡನ ಶುಗರ್ ಹೆಂಡತಿಯ ಕಡಿತಕ್ಕೆ ಏನು ಸಂಬಂಧ?

ಮಾರ್ಚ್‌ನಲ್ಲಿ ಒಂದು ರಾತ್ರಿ ಹನ್ನೆರಡರ ಸುಮಾರಿಗೆ ಅವರು ನನ್ನ ಗಾದಿ ಹತ್ತಿರ ಬಂದು ಕೂತರು. ಲೈಟ್ ಹಾಕಲಿಲ್ಲ.

"ಒಂಚೂರ ನೋಡ್ತಿಯೇನ? ರಕ್ತ ಬರಾಕತ್ತೇತಿ."

ಆರು ತಿಂಗಳ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಚ್ಚಲುಮನೆಯ ಬೆಳಕಿನಲ್ಲಿ ನೋಡಿದೆ. ಶಿಶ್ನದ ಮುಂದೊಗಲು ಊದಿತ್ತು. ಹಿಂದೆ ಸರಿಯುತ್ತಿರಲಿಲ್ಲ. ಅಂಚಿನ ಸುತ್ತ ಒಣಗಿದ ಕೆರೆಯ ತಳ ಬಿರಿದ ಹಾಗೆ ಸಣ್ಣ ಸಣ್ಣ ಬಿರುಕು, ಅದರಲ್ಲಿ ರಕ್ತ. ಕಂಡಷ್ಟು ಜಾಗದಲ್ಲಿ ಬಿಳಿ ಬಿಳಿ. ಆ ಬಿಳಿ ನನಗೆ ಚೆನ್ನಾಗಿ ಪರಿಚಯ ಇತ್ತು.

"ಎಷ್ಟು ದಿನ ಆತು?" ಅಂದೆ.

"ಹ್ವಾದ ವರ್ಷ ಯುಗಾದಿ ಮುಂದ ಶುರು ಆಗಿತ್ತು. ನಿನಗ ಹೆಂಗ ಹೇಳೂದು ಅಂತ..."

ಅಂದರೆ ನನಗಿಂತ ಎರಡು ತಿಂಗಳು ಮೊದಲು. ಬೇರೆ ದಿನ ಆಗಿದ್ದರೆ ಇಷ್ಟು ಸಾಕಿತ್ತು ನನಗೆ, ಬ್ಯಾಡಗಿಯ ತನಕ ಜಗಳ ಎಳೆಯೋಕೆ. ಆ ಹೊತ್ತಿನಲ್ಲಿ ಆ ಮನುಷ್ಯನ ಮುಖ ನೋಡಿ ಆಗಲಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಹುಬ್ಬಳ್ಳಿಗೆ ಹೋದೆವು, ಚರ್ಮರೋಗದ ಡಾಕ್ಟರ್ ಹತ್ತಿರ. ಚರ್ಮದ ಡಾಕ್ಟರೇ ಗುಹ್ಯರೋಗವನ್ನೂ ನೋಡುತ್ತಾರೆ ಅನ್ನೋದು ಬೋರ್ಡು ಓದಿದ ಮೇಲೆ ತಿಳಿಯಿತು. ಇಷ್ಟು ವರ್ಷ ಆ ಬೋರ್ಡಿನ ಕೆಳಗೇ ಓಡಾಡಿದ್ದೇನೆ. ಈ ಸಲ ನನ್ನ ಹಳೆ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದ್ದೆ. ಅವರ ಫೈಲೂ ತಂದಿದ್ದರು. ಎರಡೂ ಒಂದೇ ಟೇಬಲ್ ಮೇಲೆ ಬಿದ್ದದ್ದು ಅವತ್ತೇ ಮೊದಲು.

ಡಾಕ್ಟರ್ ಇಬ್ಬರನ್ನೂ ಬೇರೆ ಬೇರೆ ನೋಡಿದರು. ಸ್ವಲ್ಪ ಕೆರೆದು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಿದರು. ಎರಡರಲ್ಲೂ ಯೀಸ್ಟು. ಫಂಗಸ್‌ನ ಒಂದು ಜಾತಿ ಅದು, ಮೊಳಕೆ ಒಡೆದ ಕಾಳಿನ ಹಾಗೆ ಕಾಣುತ್ತದಂತೆ. ನನ್ನದನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಿದರು. ಯೀಸ್ಟಿನ ಹೆಸರು ಕ್ಯಾಂಡಿಡಾ ಅಲ್ಬಿಕನ್ಸ್ ಅಂತ ನಾಲ್ಕು ದಿನಕ್ಕೆ ವರದಿ ಬಂತು.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರು, "ಏನೇನು ಗುಳಿಗಿ ತಗೋತೀರಿ? ಎಲ್ಲಾ ಹೇಳ್ರಿ." ನಮ್ಮ ಮನೆಯವರು ಅಂಗಿ ಜೇಬಿನಿಂದ ಮೂರು ಪಟ್ಟಿ ತೆಗೆದು ಇಟ್ಟರು. ಡಾಕ್ಟರ್ ಎರಡನ್ನು ಬದಿಗೆ ಸರಿಸಿದರು. ಮೂರನೆಯದನ್ನು ಕನ್ನಡಕ ಮೇಲೆತ್ತಿ ಓದಿದರು.

"ಇದನ್ನ ಯಾವಾಗಿಂದ?"

"ಹ್ವಾದ ವರ್ಷ ಮಾರ್ಚ್‌ನಿಂದ್ರಿ. ಭಾಳ ಚಲೋ ಗುಳಿಗಿರಿ ಸರ್. ಶುಗರ್ ಕಂಟ್ರೋಲಿಗೆ ಬಂತು, ಮೂರು ಕಿಲೋ ತೂಕಾನೂ ಇಳೀತು."

ಡಾಕ್ಟರ್ ನಗಲಿಲ್ಲ, ನಗು ತಡೆದುಕೊಂಡರು ಅಂತ ನನಗೆ ಕಾಣಿಸಿತು. ಅಲ್ಲೇ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಸಿದರು: 142. ಉಚ್ಚೆ ಹಿಡಿದು ತರಲು ಹೇಳಿ ಅದರಲ್ಲಿ ಕಡ್ಡಿ ಅದ್ದಿಸಿದರು: ಸಕ್ಕರೆ ನಾಲ್ಕು ಪ್ಲಸ್. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮಾತ್ರ ಉಚ್ಚೆಯಲ್ಲಿ ಕಾಣಿಸಿಕೊಳ್ಳಬೇಕು. 142 ಇದ್ದಾಗ ಉಚ್ಚೆಯಲ್ಲಿ ತುಂಬಿ ತುಳುಕುತ್ತಿದೆ ಅಂದರೆ ಅದು ಕಾಯಿಲೆಯ ಕೆಲಸ ಅಲ್ಲ, ಗುಳಿಗೆಯ ಕೆಲಸ.

ಗುಳಿಗೆಯ ಹೆಸರು ಡಾಪಾಗ್ಲಿಫ್ಲೋಜಿನ್. ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ದೇಹ ವಾಪಸ್ ರಕ್ತಕ್ಕೆ ಎಳೆದುಕೊಳ್ಳುತ್ತದಂತೆ. ಈ ಗುಳಿಗೆ ಆ ಬಾಗಿಲು ಹಾಕುತ್ತದೆ. ಸಕ್ಕರೆ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ, ದಿನಕ್ಕೆ ಸುಮಾರು 70 ಗ್ರಾಂ. ನಾನು ಕ್ಯಾಶಿಯರ್ ಅಲ್ವಾ, ತಕ್ಷಣ ಲೆಕ್ಕ ಹಾಕಿದೆ. ಚಮಚಕ್ಕೆ ಐದು ಗ್ರಾಂ ಹಿಡಿದರೆ ಹದಿನಾಲ್ಕು ಚಮಚ. ಧಾರವಾಡದಲ್ಲಿದ್ದೂ ಆರು ವರ್ಷದಿಂದ ಪೇಢೆ ಮುಟ್ಟದ ಮನುಷ್ಯ, ದಿನಾ ಹದಿನಾಲ್ಕು ಚಮಚ ಸಕ್ಕರೆಯನ್ನು ಬಚ್ಚಲಿಗೆ ಸುರಿಯುತ್ತಿದ್ದರು. ಅದರ ಒಂದೆರಡು ಹನಿ ಮುಂದೊಗಲಿನ ಒಳಗೆ ಉಳಿದರೂ ಯೀಸ್ಟಿಗೆ ಹಬ್ಬ. ಬೆಚ್ಚಗಿನ ಜಾಗ, ತೇವ, ಮೇಲೆ ಸಿಹಿ. ಹಿಟ್ಟು ಹುದುಗಲು ಬೇಕಾದ್ದೆಲ್ಲ ಅಲ್ಲೇ ಇತ್ತು.

ಈ ಜಾತಿಯ ಮೊದಲ ಮದ್ದನ್ನು 1835ರಲ್ಲಿ ಸೇಬಿನ ಗಿಡದ ತೊಗಟೆಯಿಂದ ತೆಗೆದಿದ್ದರಂತೆ. ಈಗಿನವು ಕಾರ್ಖಾನೆಯಲ್ಲಿ ಆಗುತ್ತವೆ. 2020ರಲ್ಲಿ ನಮ್ಮ ದೇಶದಲ್ಲಿ ಇದರ ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ಮಾಡಲು ಶುರು ಮಾಡಿದ ಮೇಲೆ ಬೆಲೆ ಬಿದ್ದಿತು. ನಮ್ಮಂಥವರ ಜೇಬಿಗೂ ಬಂತು. ಮದ್ದು ಕೆಟ್ಟದ್ದಲ್ಲ ಅಂತ ಡಾಕ್ಟರ್ ಎರಡೆರಡು ಸಲ ಹೇಳಿದರು. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದು. ಕೆಲವರಿಗೆ ಅದು ಬೇಕೇ ಬೇಕು. ಬಹಳ ಜನಕ್ಕೆ ಈ ತೊಂದರೆ ಆಗುವುದೂ ಇಲ್ಲ. ಹೆಂಗಸರಿಗಾದರೆ ನೂರರಲ್ಲಿ ಏಳೆಂಟು ಮಂದಿಗೆ, ಗಂಡಸರಿಗೆ ಇನ್ನೂ ಕಡಿಮೆ. "ಆ ಕಡಿಮಿ ಮಂದ್ಯಾಗ ನೀವು ಬಂದ್ರಿ ನೋಡ್ರಿ" ಅಂದರು.

ಆಗ ನಾನು ಕೇಳಿಯೇ ಬಿಟ್ಟೆ. ಆರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. "ಡಾಕ್ಟ್ರ, ಇದು ಯಾರಿಂದ ಯಾರಿಗೆ ಬಂತು?"

ನಮ್ಮ ಮನೆಯವರು ಗೋಡೆ ಮೇಲಿನ ಕ್ಯಾಲೆಂಡರ್ ನೋಡಲು ಶುರು ಮಾಡಿದರು.

"ಇದು ಹೊರಗಿಂದ ತರೂ ರೋಗ ಅಲ್ರಿ ಅಕ್ಕಾರ. ಯೀಸ್ಟ್ ಎಲ್ಲರ ಮೈಯಾಗೂ ಇರ್ತೈತಿ, ಬಾಯಾಗ, ಕರುಳಾಗ. ಜಾಗಾ ಸಿಕ್ರ ಬೆಳೀತೈತಿ. ಅವ್ರಿಗೆ ಸಕ್ಕರಿ ಜಾಗಾ ಕೊಡ್ತು. ನಿಮಗ ಮತ್ತ ಮತ್ತ ಬರಾಕ ಡೆಟಾಲೂ ಜಾಗಾ ಕೊಡ್ತು."

ನನ್ನ ಡೆಟಾಲ್ ಪುರಾಣ ಕೇಳಿ ಅವರು ಮೊದಲೇ ತಲೆ ಹಿಡಿದುಕೊಂಡಿದ್ದರು. ಯೋನಿಯ ಒಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳು ಇರುತ್ತವೆ. ಮೊಸರು ಮಾಡುವಂಥ ಜಾತಿಯವು. ಅವು ಆ ಜಾಗವನ್ನು ಸ್ವಲ್ಪ ಹುಳಿಯಾಗಿ ಇಟ್ಟು ಕಾಯುತ್ತವೆ. ನಾನು ದಿನಕ್ಕೆ ಎರಡು ಸಲ ಕಾವಲುಗಾರರನ್ನು ಕೊಲ್ಲುತ್ತಿದ್ದೆ, ಚರ್ಮವನ್ನೂ ಸುಡುತ್ತಿದ್ದೆ. ಸೋಪು ಬೇಡ, ಪರಿಮಳದ ವಾಶ್ ಬೇಡ, ಹೊರಗೆ ಬರೀ ನೀರು ಸಾಕು, ಒಳಗೆ ಅದೂ ಬೇಡ ಅಂದರು. ನಮ್ಮ ಆಫೀಸಿನಲ್ಲಿ ಮೂರು ಜನ ಆ ವಾಶ್ ತರಿಸಿಕೊಳ್ಳುತ್ತಾರೆ. ಒಂದು ಬಾಟಲಿಗೆ ಎಷ್ಟು ದುಡ್ಡು ಗೊತ್ತಾ!

ಗಂಡ ಹೆಂಡತಿ ಇಬ್ಬರಿಗೂ ಔಷಧ ಕೊಡಬೇಕಾ ಅನ್ನುವುದಕ್ಕೆ ಅವರು ಕೊಟ್ಟ ಉತ್ತರ ನನಗೆ ಹೊಸದು. ಯೀಸ್ಟ್ ಆದರೆ ಸಾಮಾನ್ಯವಾಗಿ ಗಂಡನಿಗೆ ಏನೂ ಕಾಣಿಸದಿದ್ದರೆ ಅವನಿಗೆ ಔಷಧ ಕೊಟ್ಟು ಉಪಯೋಗ ಇಲ್ಲ. ಇಲ್ಲಿ ಅವರಿಗೇ ಜೋರಾಗಿ ಇದೆ. ಆದ್ದರಿಂದ ಇಬ್ಬರಿಗೂ, ಒಟ್ಟಿಗೆ. ಇಲ್ಲದಿದ್ದರೆ ಒಬ್ಬರು ಆರಾಮಾದ ಮೇಲೆ ಇನ್ನೊಬ್ಬರಿಂದ ಮತ್ತೆ ಬರಬಹುದು. ಟ್ರೈಕೊಮೊನಾಸ್ ಅಂತ ಇನ್ನೊಂದು ಇದೆ. ಅದು ಹಳದಿ ಹಸಿರು ನೊರೆ ನೊರೆಯಾಗಿ ಹೋಗುತ್ತದೆ, ವಾಸನೆ ಇರುತ್ತದೆ. ಅದು ಸೇರುವುದರಿಂದಲೇ ಹರಡುವ ರೋಗ. ಗಂಡಸಿನ ಮೈಯಲ್ಲಿ ಅದು ಬಹಳ ಸಲ ಸದ್ದಿಲ್ಲದೆ ಕೂತಿರುತ್ತದೆ. ಅಲ್ಲಿ ಅವನಿಗೆ ಏನೂ ಇಲ್ಲ ಅಂದರೂ ಬಿಡುವ ಹಾಗಿಲ್ಲ, ಮೆಟ್ರೋನಿಡಜೋಲ್ ಇಬ್ಬರೂ ನುಂಗಲೇಬೇಕು, ಮುಗಿದು ಒಂದು ವಾರ ಆಗುವ ತನಕ ಸೇರಬಾರದು. ಮೀನಿನ ವಾಸನೆ ಬರುವ ಬೂದುಬಿಳಿ ಮತ್ತೊಂದು. ಎಲ್ಲವನ್ನೂ ನಾವು 'ಬಿಳಿ ಹೋಗೂದು' ಅಂತ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಒಂದೊಂದಕ್ಕೆ ಒಂದೊಂದು ಮದ್ದು. ನೋಡದೆ, ಪರೀಕ್ಷೆ ಮಾಡದೆ ನುಂಗಿದರೆ ಗುಂಡು ಹಾರಿಸಿದ ಹಾಗೆ, ಬಿದ್ದರೆ ಬಿತ್ತು.

ಡಿಕ್ಕಿಯ ಟ್ಯೂಬನ್ನೂ ಒಯ್ದಿದ್ದೆವು. ಅದರಲ್ಲಿ ಫಂಗಸ್ ಮದ್ದಿನ ಜೊತೆ ಜೋರಾದ ಸ್ಟೀರಾಯ್ಡ್ ಬೆರೆಸಿತ್ತು. ಸ್ಟೀರಾಯ್ಡ್ ಕಡಿತವನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ. ಒಳಗೆ ಫಂಗಸ್ ಮೇಯುತ್ತಲೇ ಇರುತ್ತದೆ, ಚರ್ಮ ತೆಳ್ಳಗಾಗುತ್ತದೆ. ಒಂದು ವರ್ಷ ಹಚ್ಚಿದ ಫಲವೇ ಆ ಬಿರುಕು. ಡಾಕ್ಟರ್ ಅದನ್ನು ತಾವೇ ಕಸದ ಬುಟ್ಟಿಗೆ ಹಾಕಿದರು.

ನನಗೆ ಫ್ಲುಕೊನಜೋಲ್ 150 ಬರೆದರು. ಒಂದನೇ, ನಾಲ್ಕನೇ, ಏಳನೇ ದಿನ ಒಂದೊಂದು. ಆಮೇಲೆ ವಾರಕ್ಕೆ ಒಂದು, ಆರು ತಿಂಗಳು. ಬರೆಯುವ ಮೊದಲು ಮುಟ್ಟು ಯಾವಾಗ ಆಯಿತು ಅಂತ ಕೇಳಿದರು. ಗರ್ಭಿಣಿಯರು ಅದನ್ನು ನುಂಗಬಾರದು. ಲಿವರ್ ಟೆಸ್ಟ್ ಒಂದು ಮಾಡಿಸಿದರು. ನಮ್ಮ ಮನೆಯವರು "ನನಗೂ ಅದನ್ನ ಕೊಡ್ರಿ, ಹಚ್ಚೂದು ಬ್ಯಾಡ" ಅಂದರು. ಆಗ ಡಾಕ್ಟರ್ ಬದಿಗೆ ಸರಿಸಿಟ್ಟಿದ್ದ ಇನ್ನೊಂದು ಪಟ್ಟಿ ಎತ್ತಿ ತೋರಿಸಿದರು. ಗ್ಲಿಮೆಪಿರೈಡ್, ಅದೂ ಶುಗರ್ ಇಳಿಸುವ ಗುಳಿಗೆ. ಅದರ ಜೊತೆ ಫ್ಲುಕೊನಜೋಲ್ ಸೇರಿದರೆ ಅದರ ಬಲ ಜಾಸ್ತಿಯಾಗಿ ಸಕ್ಕರೆ ಸರ್ರನೆ ಕೆಳಗೆ ಬೀಳಬಹುದು, ಬೆವರು ಬಂದು ತಲೆ ತಿರುಗಿ ಬೀಳಬಹುದು. ಗಾಡಿ ಓಡಿಸುವ ಮನುಷ್ಯ. ಹಾಗಾಗಿ ಅವರಿಗೆ ಬರೀ ಕ್ಲೋಟ್ರಿಮಜೋಲ್ ಕ್ರೀಮು, ದಿನಕ್ಕೆ ಎರಡು ಸಲ, ಎರಡು ವಾರ. ಪ್ರತಿ ಸಲ ಉಚ್ಚೆ ಹೊಯ್ದ ಮೇಲೆ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಬೇಕು. ಇಬ್ಬರೂ ಪೂರ್ತಿ ಆರಾಮಾಗುವ ತನಕ ಸೇರುವ ಹಾಗಿಲ್ಲ. ಎಣ್ಣೆ ಅಂಶದ ಕ್ರೀಮು ಇದ್ದಾಗ ನಿರೋಧ್ ಹರಿಯಬಹುದು ಅನ್ನುವುದನ್ನೂ ಹೇಳಿದರು. ನಾವಿಬ್ಬರೂ ಒಟ್ಟಿಗೇ "ಹ್ಞೂಂ ಸರ್" ಅಂದೆವು, ಶಾಲೆ ಮಕ್ಕಳ ಹಾಗೆ.

ಶುಗರ್ ಗುಳಿಗೆ ಬಿಟ್ಟುಬಿಡಲಾ ಅಂತ ಇವರು ಕೇಳಿದರು. "ನಿಮಗ ನೀವ ಬಿಡಬ್ಯಾಡ್ರಿ, ಬರೆದು ಕೊಟ್ಟವ್ರನ್ನ ಕೇಳ್ರಿ" ಅಂದು ಒಂದು ಚೀಟಿ ಬರೆದುಕೊಟ್ಟರು.

ಮರುದಿನವೇ ಶುಗರ್ ಡಾಕ್ಟರ್ ಹತ್ತಿರ ಹೋದೆವು. ಚೀಟಿ ಓದಿ ಅವರು, "ಹೌದು, ಇದು ಗೊತ್ತಿದ್ದದ್ದ" ಅಂದರು. ಇಷ್ಟೇ. ಸ್ಟೆತಸ್ಕೋಪ್ ಕೂಡ ಕೆಳಗಿಡಲಿಲ್ಲ.

ನನಗೆ ತಡೆಯಲಿಲ್ಲ. "ಗೊತ್ತಿದ್ರ ನಮಗ ಒಂದು ಮಾತು ಹೇಳಬೇಕಾಗಿತ್ತಲ್ರಿ. ಹೆಚ್ಚಂದ್ರ ಒಂದು ನಿಮಿಷದ ಮಾತು."

"ಎಲ್ಲಾ ಹೇಳಿಕೋತ ಕುಂತ್ರ ಯಾರೂ ಗುಳಿಗಿ ನುಂಗಂಗಿಲ್ರಿ."

ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಅದೂ ನಿಜ. ಆದರೂ ಆ ಒಂದು ನಿಮಿಷಕ್ಕೆ ನಾವು ಕೊಟ್ಟ ಬೆಲೆಯನ್ನು ನಾನು ಈಗಲೂ ಲೆಕ್ಕ ಹಾಕುತ್ತೇನೆ. ಐದು ಡಾಕ್ಟರ್ ಫೀಸು, ನನ್ನ ಏಳು ರಜೆ, ಆರು ತಿಂಗಳು ನೆಲದ ಗಾದಿ. ಆ ಜಗಳದಲ್ಲಿ ನಾನು ಆಡಿದ ಕೆಲವು ಮಾತುಗಳಿವೆ, ಅವನ್ನು ಯಾವ ಕಾಲಮಿನಲ್ಲಿ ಬರೆಯುವುದೋ ಗೊತ್ತಾಗುವುದಿಲ್ಲ. ಅವರ ಹೃದಯ, ಕಿಡ್ನಿ ಎರಡೂ ಸರಿ ಇದ್ದುದರಿಂದ ಗುಳಿಗೆ ಬದಲಾಯಿಸಿ ಸಿಟಾಗ್ಲಿಪ್ಟಿನ್ ಕೊಟ್ಟರು. ಒಂದು ವಾರದಲ್ಲಿ ಬಿರುಕು ಕೂಡಿತು. ಮೂರು ವಾರಕ್ಕೆ ಪೂರ್ತಿ ಆರಾಮ. ಇಳಿದಿದ್ದ ಮೂರು ಕಿಲೋದಲ್ಲಿ ಎರಡು ಕಿಲೋ ವಾಪಸ್ ಬಂತು, ಅದರ ದುಃಖ ಅವರಿಗೆ ಇನ್ನೂ ಇದೆ.

ನನ್ನದು ನಿಧಾನ. ಪ್ರತಿ ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ಗುಳಿಗೆ. ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಶ್ರಾವಣದಲ್ಲಿ ತವರುಮನೆಗೆ ಹೋದಾಗ ಒಂದು ವಾರ ತಪ್ಪಿತು. ಅಲ್ಲಿಗೇ ಫೋನ್ ಮಾಡಿ, "ಶನಿವಾರದ್ದು ನುಂಗಿದೇನ?" ಅಂತ ಇವರು ಕೇಳಿದರು. ಅಮ್ಮ ಪಕ್ಕದಲ್ಲೇ ಕೂತಿದ್ದರು. "ಶನಿವಾರದ್ದು ಅಂದ್ರ ಏನ?" ಅಂದರು. ವಿಟಮಿನ್ ಅಂದೆ. ಸುಳ್ಳು ಹೇಳುವುದು ಇನ್ನೂ ಪೂರ್ತಿ ಬಿಟ್ಟಿಲ್ಲ ನಾವು.

ಸೆಪ್ಟೆಂಬರ್ ಕೊನೆಗೆ ಗುಳಿಗೆ ಮುಗಿಯಿತು. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನಕ್ಕೆ ಮತ್ತೆ ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ದಸರೆಯ ಹೊತ್ತಿಗೆ ಸ್ವಲ್ಪ ಕಡಿದಾಗ ಎದೆ ಧಸಕ್ಕೆಂದಿತು. ಹುಬ್ಬಳ್ಳಿಗೆ ಓಡಿದೆ. ಪರೀಕ್ಷೆ ಮಾಡಿ, ಯೀಸ್ಟ್ ಇಲ್ಲ, ಹೊಸ ಸೋಪಿನ ಪುಡಿಯಲ್ಲಿ ಒಳಬಟ್ಟೆ ಒಗೆದದ್ದಕ್ಕೆ ಅಲರ್ಜಿ ಇರಬೇಕು ಅಂದರು. ಆಮೇಲೆ ಬಂದಿಲ್ಲ. ಬರುವುದೇ ಇಲ್ಲ ಅಂತ ಹೇಳಲಾರೆ.

ನೆಲದ ಗಾದಿ ಅಟ್ಟ ಸೇರಿತು. ಸೊಂಟ ನೋವು ಹೋಯಿತಾ ಅಂತ ಮಗಳು ಕೇಳಿದಳು. ಹೋಯಿತು ಅಂದೆ.

ಈ ದೀಪಾವಳಿ ಮುಂದೆ ಗದಗಿನಿಂದ ನಮ್ಮ ಮೈದುನ ಫೋನ್ ಮಾಡಿದ್ದ. ಅವನಿಗೂ ಶುಗರ್. ಸ್ಪೀಕರ್ ಹಾಕಿಕೊಂಡು ನಮ್ಮ ಮನೆಯವರು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಮಗಳು ಎದುರಿಗೆ ಓದುತ್ತಾ ಕೂತಿದ್ದಳು. ಡಾಕ್ಟರ್ ಗುಳಿಗೆ ಬದಲಾಯಿಸಿದ್ದಾರೆ, ಭಾರಿ ಚಲೋ ಐತಿ, ತೂಕ ಇಳಿಯಾಕತ್ತೇತಿ ಅಂತ ಅವನು ಹೇಳುತ್ತಿದ್ದ. ಇವರ ಕೈ ನಿಂತಿತು.

"ಹೆಸರ ಓದಲೇ ಒಂದಿಷ್ಟು."

ಅವನು ಒಂದೊಂದೇ ಅಕ್ಷರ ಹಿಡಿದು ಓದಿದ. ಇವರು ನನ್ನ ಕಡೆ ನೋಡಿದರು. ಆಮೇಲೆ ಮಗಳು ಇದ್ದಾಳೆ ಅನ್ನುವುದೂ ಮರೆತು, ಸಂತೆಯಲ್ಲಿ ಕೂಗಿದ ಹಾಗೆ ಕೇಳಿದರು:

"ಕಡಿಯಾಕತ್ತೇತೇನು?"

ಆ ಕಡೆಯಿಂದ ಎಷ್ಟೋ ಹೊತ್ತು ಸದ್ದಿಲ್ಲ. ಮಗಳು ಪುಸ್ತಕದಿಂದ ತಲೆ ಎತ್ತಿದಳು. "ನಿನಗ ಯಾರ ಹೇಳಿದ್ರೋ ಅಣ್ಣಾ?" ಅಂತ ಮೈದುನನ ದನಿ ಸಣ್ಣಗೆ ಬಂತು. ಇವರು ಸ್ಪೀಕರ್ ಆರಿಸಿ, ಫೋನು ಕಿವಿಗೆ ಹಿಡಿದುಕೊಂಡು ಕಟ್ಟೆಗೆ ಹೋದರು. ಸೊಪ್ಪು ನಾನು ಬಿಡಿಸಿದೆ. ಅವರು ಒಳಗೆ ಬರುವಷ್ಟರಲ್ಲಿ ಪಲ್ಯ ಆಗಿತ್ತು.